ಸೋಸಿದ ಪೆಟ್ರೋಲ್

ಗಡಹಿಂಗ್ಲಜ, ೧೯೪೬

ಅಪ್ಪಾ,

ನೀವು ಹೋಗಿ ಎಂಟು ತಿಂಗಳಾಯಿತು. ಇವತ್ತು ನಿಮ್ಮ ಮೋಟಾರು ಇಚಲಕರಂಜಿಯವರೆಗೆ ಎಲ್ಲಿಯೂ ನಿಲ್ಲದೆ ಓಡಿತು.

ನೀವು ಅದಕ್ಕೆ ಲಾರಿಯ ಇಂಜಿನ್ ಕೂಡಿಸಿದ ಮೇಲೆ ಮೂರು ಮೈಲಿಗೊಮ್ಮೆ ನಿಂತುಬಿಡುತ್ತಿತ್ತಲ್ಲ. "ಅಣ್ಣಾ ಎತ್ತಿನ ತಲಿ ಆಡಿಗೆ ಹಚ್ಯಾನ ನೋಡ್ರಿ," ಎಂದು ಬಾಳಗೊಂಡ ಕಾಕಾ ಊರನ್ನೆಲ್ಲ ನಗಿಸಿದ್ದರು. ಕೊನೆಕೊನೆಗೆ ನೀವೂ ನಿಮ್ಮ ಕೈಯನ್ನು ನಂಬಲಿಲ್ಲ.

ನಿನ್ನೆ ಬಾಬು ಮಿಸ್ತ್ರಿಯನ್ನು ಕರೆಸಿ ಕಾರ್ಬುರೇಟರ್ ಬಿಚ್ಚಿಸಿದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನಿಂದ ಅವನು ಬಿಳಿ ನೂಲಿನ ಎಳೆಗಳನ್ನು ಹೊರಗೆ ತೆಗೆದ.

"ಶಾಲನಕ್ಕಾರ, ಪೆಟ್ರೋಲ್ ಯಾರು ಸೋಸ್ತಿದ್ರಿ?"

"ನಾನ. ನೀರು ಸೋಸೂ ಹಳೇ ಅರಿವಿ ತುಂಡಿಲೆ."

"ಎಂ.ಎ. ಆಗೀರಿ! ನೀವು ಜೈನರು ಪೆಟ್ರೋಲಿನ್ಯಾಗೂ ಜೀವ ಹುಡುಕ್ತೀರೇನ್ರಿ?" ಎಂದು ನಕ್ಕ. ಆಮೇಲೆ ನೀವು ಕೂಡಿಸಿದ್ದನ್ನೆಲ್ಲ ಕೈಯಾಡಿಸಿ ನೋಡಿ, "ಇದರಾಗ ಕೂದಲೆಳಿಯಷ್ಟೂ ತಪ್ಪಿಲ್ರಿ," ಎಂದ. ಆ ಮಾತನ್ನು ಮತ್ತೊಮ್ಮೆ ಹೇಳಿಸಿ ಕೇಳಿದೆ.

ಇವತ್ತು ಕಾಕಾರನ್ನು ಮುಂದಿನ ಸೀಟಿನಲ್ಲೇ ಕೂಡಿಸಿದ್ದೆ. ಇಳಿಯುವಾಗ, "ಅಣ್ಣನ ಕೈ ಭಾಳ ಚಲೋ ಇತ್ತವ್ವಾ," ಎಂದರು.

ನಾನು ಪೆಟ್ರೋಲ್ ಸೋಸಿ ಡಬ್ಬಿ ತಂದುಕೊಟ್ಟಾಗೆಲ್ಲ ನೀವು ಒಳಗೆ ಇಣುಕಿಯೂ ನೋಡುತ್ತಿರಲಿಲ್ಲ. "ಶಾಲನ ಸೋಸ್ಯಾಳ, ಚೊಕ್ಕ ಇರ್ತೈತಿ," ಎಂದು ಹಾಗೇ ಸುರಿಯುತ್ತಿದ್ದಿರಿ.