ಅತ್ತಿಯವರ ಚಾಕುವಿಗೆ ಹಿಡಿಕಿ

ರೀ,

ಅತ್ತಿಯವರ ಬೆರಳಿನ ಹೊಲಿಗಿ ಬಿಚ್ಚಸಾಕಂತ ಅವರನ್ನ ಹಿರೇಕೆರೂರಿಗೆ ಕರ್ಕೊಂಡು ಹೊಂಟೇನಿ. ಹಂಸಭಾವಿ ಕಮ್ಮಾರರು ಬಡಿದುಕೊಟ್ಟ ಅಲಗಿಗೆ ನಾವು ಬರೋದರಾಗ ಹಿಡಿಕಿ ಹಾಕಿಬಿಡ್ರಿ. ನಾಳೆ ನಾಳೆ ಅಂತ ವಾರ ಆತು.

ಮೊದಲ ಅಲಗಿನ ಬುಡಕ್ಕ ಹಿತ್ತಾಳಿ ತಡೆಪಟ್ಟಿ ಏರಸ್ರಿ, ಆಮ್ಯಾಲ ಹಿಡಿಕಿ. ಹಳೇ ಚಾಕುವಿಗೆ ತಡೆ ಇಲ್ಲದ್ದಕ್ಕ ಅವರ ಕೈ ಅಲಗಿನ ಮ್ಯಾಲೆ ಜಾರಿದ್ದು. ಹಿಡಿಕಿ ದಪ್ಪ ಇರಲಿ, ಅವರ ಮುಷ್ಟಿ ಈಗ ಪೂರ್ತಿ ಮುಚ್ಚಂಗಿಲ್ಲ. ಕೂಡಿಸುವಾಗ ಅಲಗಿಗೆ ಅರಿವಿ ಸುತ್ರಿ. ಮನ್ಯಾಗ ಇನ್ನೊಂದು ಕೈ ಕೊಯ್ಕೊಳ್ಳೋದು ಬ್ಯಾಡ.

ನಿನ್ನೆ ಅವರು, "ಇನ್ನ ನನಗ್ಯಾಕವಾ ಅಡಗಿಮನಿ?" ಅಂದ್ರು. ನನಗ ಊಟ ಸೇರಲಿಲ್ಲ.

ನಾವು ಬಂದಮ್ಯಾಲ "ಹುಷಾರವ್ವಾ" ಅಂತ ಅನಬ್ಯಾಡ್ರಿ. ಚಾಕು ಅವರ ಕೈಯಾಗ ಕೊಟ್ಟು, "ಬದನಿಕಾಯಿ ಪಲ್ಯ ಮಾಡ ಬೇ" ಅಂತ ಕೇಳ್ರಿ, ಸಾಕು.

ಸುಧಾ