ಪಂಪ್ ರೂಮಿನ ಗುರುತ್ವ ಅಲೆ

ಮಾರ್ಚ್ 3, ಬೆಳಿಗ್ಗೆ 8.40

ಮತ್ತೆ ಅದೇ ಪಟ್ಟಿ. ಲಾರಿ ಹೋದದ್ದು — ಕಸ. ಯಾರೋ ಬಾಗಿಲು ಬಡಿದದ್ದು — ಕಸ. ಪಂಪ್ ರೂಮಿನ ಗುಂಯ್ — ಕಸ. ನಕ್ಷತ್ರಗಳು ಡಿಕ್ಕಿಯಾದಾಗ ಹೊರಡುವ ಗುರುತ್ವ ಅಲೆಯನ್ನು ಹಿಡಿಯುವ ಲ್ಯಾಬು ಇದು. ಯಾವುದು ಅಲೆಯಲ್ಲ ಎಂದು ಬರೆಯುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ.

ಅಕ್ಕನ ಗಂಡ, ಭಾವನ ಫೋನು. "ನಿಮ್ಮ ಅಲೆ ಸೌಂಡು ಒಂದು ಕಳ್ಸಮ್ಮಾ, ಸುಮ್ನೆ ಕೇಳೋಕೆ." ಕೈಗೆ ಸಿಕ್ಕ ಫೈಲು ಕಳಿಸಿದೆ. ಪೀಡೆ ತೊಲಗಿತು.

ಏಪ್ರಿಲ್ 19

ಅಕ್ಕನ ಮನೆ. ಥೂ! ನಡುಮನೆಯಲ್ಲಿ ಐದು ಮಂಚ, ದಿಂಬಿನಡಿ ಸ್ಪೀಕರು. ಗೋಡೆಯ ಮೇಲೆ ಬೋರ್ಡು — 'ಗುರುತ್ವ ಅಲೆ ಚಿಕಿತ್ಸೆ'. ನಿಜವಾದ ಅಲೆ ಬಂದರೆ ನಮ್ಮ ಕಿಲೋಮೀಟರುಗಟ್ಟಲೆ ಕೊಳವೆ ಒಂದು ಅಣುವಿನಷ್ಟೂ ಅಲುಗುವುದಿಲ್ಲ. ಇಲ್ಲಿ ದಿಂಬಿನಡಿ ಗುಂಯ್ ಅನ್ನುತ್ತದಂತೆ!

ಕಿವಿಯಿಟ್ಟೆ. ಎರಡೇ ಸೆಕೆಂಡು... ನಮ್ಮ ಪಂಪು! ಕಳಿಸಿದ್ದು ಕಸದ ಫೋಲ್ಡರಿನ ಫೈಲು.

ಭಾವನನ್ನು ಅಡುಗೆಮನೆಗೆ ಕರೆದು ಹೇಳಿದೆ. ನಕ್ಕರು. "ರೋಗಿ ಬಯಸಿದ್ದೂ ಹಾಲನ್ನ, ವೈದ್ಯ ಹೇಳಿದ್ದೂ ಹಾಲನ್ನ. ನಿಂಗೇನಮ್ಮಾ ಕಷ್ಟ? ಫೈಲು ಹೊರಗೆ ಕೊಟ್ಟಿದ್ದು ಯಾರು ಅಂತ ನಿಮ್ಮ ಲ್ಯಾಬಿನವ್ರು ಕೇಳಿದ್ರೆ?"

ಚೀಲ ಎತ್ತಿಕೊಂಡು ನಡುಮನೆಗೆ ನಡೆದೆ. ಅಕ್ಕ ಬೀದಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. "ಬರ್ತೀನಿ ಅಕ್ಕಾ" ಅಂದು ಹೊರಟು ಬಂದೆ.

ಮೇ 2, ಬೆಳಿಗ್ಗೆ 10

ಅಕ್ಕನ ಫೋನು. ನಾಲಿಗೆ ತೊದಲುತ್ತಿತ್ತು. "ತುಂಬಾ ಬಾಯಾರಿಕೆ ಕಣೇ... ಎಷ್ಟು ನೀರು ಕುಡಿದ್ರೂ..."

"ಇನ್ಸುಲಿನ್ ತಗೊಂಡ್ಯಾ?"

"ಸೂಜಿ ಬಿಟ್ಟು ಎರಡು ವಾರ ಆಗ್ತಾ ಬಂತು. ದಿನಾ ಅಲೆಯಲ್ಲಿ ಮಲಗ್ತೀನಲ್ಲ."

"ಅದು ಅಲೆ ಅಲ್ಲ ಅಕ್ಕಾ! ಪಂಪು! ನೀರಿನ ಪಂಪು! ಆ ಭಾವನ ಮಾತು ಯಾಕೆ ನಂಬಿದೆ?"

ಅಕ್ಕ ನೀರು ಗುಟುಕರಿಸಿದ ಸದ್ದು.

"ಅವ್ರ ಮಾತು ನಾನು ಯಾವತ್ತು ನಂಬಿದ್ದೀನಿ? ಅವತ್ತು ನೀನು ಬಂದು ಕಿವಿಯಿಟ್ಟು ಕೇಳಿದೆ. ಏನೂ ಹೇಳದೆ ಹೋದೆ. ಸುಳ್ಳಾಗಿದ್ರೆ ನೀನು ಸುಮ್ನೆ ಬಿಡ್ತಿದ್ಯಾ? ಮಾರನೇ ದಿನಾನೇ ಬಿಟ್ಟೆ."

ಆಂಬುಲೆನ್ಸಿಗೆ ಹೇಳಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಮೇ 2, ಮಧ್ಯಾಹ್ನ 1.15

ಎಮರ್ಜೆನ್ಸಿ ಹೊರಗಿನ ಬೆಂಚು. ಅಕ್ಕನಿಗೆ ಇನ್ನೂ ಎಚ್ಚರವಿಲ್ಲ. ಭಾವ ಪಕ್ಕದಲ್ಲಿ ಕೂತು ಪಿಸುಗುಡುತ್ತಿದ್ದಾರೆ — "ಅಲೆ ವಿಷಯ ಎತ್ತಬೇಡಮ್ಮಾ, ಸೂಜಿ ಮರೆತಳು ಅಂತ ಹೇಳು." ಇವರ ಉಸಿರು ತಾಗಿದರೂ ಅಸಹ್ಯ. ನನ್ನ ಕೈ ನೋಡಿದರೆ ಇನ್ನೂ ಅಸಹ್ಯ.

ನರ್ಸು ಫಾರಂ ಕೊಟ್ಟು ಹೋಗಿದ್ದಾಳೆ. 'ಔಷಧಿ ನಿಲ್ಲಿಸಲು ಕಾರಣ'. ಒಂದೇ ಗೆರೆ ಜಾಗ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ರೋಗಿಯ ತಂಗಿ ಎಲ್ಲ ಗೊತ್ತಿದ್ದೂ ಹೇಳದೆ ಹೋದದ್ದು.