ಎರಡು ಜಡೆ

ಪ್ರೀತಿಯ ತಂಗಿ,

ಹೊಸ ದೇಶದಲ್ಲಿ ಅಂತೂ ಒಂದು ರೂಮು ಸಿಕ್ಕಿತು, ಬಟ್ಟೆ ಒಗೆಯೋ ಅಂಗಡಿಯ ಮೇಲೆ. ನೆಲ ಬೆಚ್ಚಗಿರುತ್ತೆ, ಸೋಪಿನ ವಾಸನೆ ಪುಕ್ಕಟೆ. ಸ್ವಯಂಸೇವೆ ಅಂತ ಸಂಬಳವಿಲ್ಲದೆ ದುಡಿಯೋಕೆ ಇಷ್ಟು ದೂರ ಬಂದ ನರ್ಸು ಅಂತ ಆಸ್ಪತ್ರೆಯವರು ನನ್ನನ್ನು ವಿಚಿತ್ರವಾಗಿ ನೋಡ್ತಾರೆ.

ನೀನು ಕಳಿಸಿದ ಫೋಟೋ ನೋಡಿದೆ. ನಿನ್ನ ಹತ್ತಿರ ಬಿಟ್ಟು ಬಂದ ನನ್ನ ಮಗಳ ಕೆನ್ನೆ ತುಂಬಿಕೊಂಡಿದೆ, ಸಂತೋಷ. ಆದರೆ ಎರಡು ಜಡೆ ಯಾಕೆ ಹಾಕಿದ್ದೀಯ? ಒಂದೇ ಜಡೆ ಅಂತ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಬಂದಿದ್ದೆನಲ್ಲ. "ಚಿಕ್ಕಮ್ಮ ಬಾಚಿದರೆ ನೋಯಲ್ಲ" ಅಂದಳಂತೆ. ನಾನು ಬಾಚುವಾಗ ನೋಯುತ್ತೆ ಅಂತ ಆರು ವರ್ಷದಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ, ಕಳ್ಳಿ. ಹೊಟ್ಟೆಕಿಚ್ಚು ಅಂತೀಯಾ? ಹೌದು ಕಣೇ, ಹೊಟ್ಟೆಕಿಚ್ಚೇ.

ನಿನ್ನೆ ವಾರ್ಡಿನಲ್ಲಿ ಬಲಗೈ ಮುರಿದ ತಾಯಿಯ ಪಕ್ಕ ಪುಟ್ಟ ಹುಡುಗಿ ತಲೆ ಕೆದರಿಕೊಂಡು ಕೂತಿದ್ದಳು. ಬಾಚಿ ಎರಡು ಜಡೆ ಹಾಕಿದೆ. ಮಗು ಕುಣಿದಾಡಿತು. ತಾಯಿಯ ಮುಖ ಸಪ್ಪಗಾಯಿತು. ಆ ಮುಖ ನನಗೆ ಗೊತ್ತಿತ್ತು. ಜಡೆ ಬಿಚ್ಚಿ, ಬಾಚಣಿಗೆಯನ್ನು ಅವಳ ಎಡಗೈಗೆ ಕೊಟ್ಟು, ನಾನು ಕೂದಲು ಹಿಡಿದುಕೊಂಡು ನಿಂತೆ.

ಇನ್ನು ಮೇಲೆ ಬೆಳಿಗ್ಗೆ ನನ್ನ ಮಗಳ ತಲೆ ಬಾಚುವಾಗ ಫೋನು ಮಾಡು. ಎಷ್ಟು ಜಡೆ ಹಾಕಿದರೂ ತಕರಾರಿಲ್ಲ. ರಿಬ್ಬನ್ ಯಾವ ಬಣ್ಣದ್ದು ಅಂತ ಮಾತ್ರ ನನ್ನನ್ನು ಕೇಳಿ ಕಟ್ಟು.

ನಿನ್ನ ಅಕ್ಕ